ಕಳ್ಳ ಸಿಕ್ಕ, ಸರಿ... ಒಡವೆ?

"ನಿಜ ಘಟನೆ ಆಧಾರಿತ" ಅಂತ ಕಪ್ಪು ಪರದೆ ಮೇಲೆ ಬಿಳಿ ಅಕ್ಷರ ಮೂಡಿದ ಕೂಡಲೇ ನಾವೆಲ್ಲ ಸ್ವಲ್ಪ ನೆಟ್ಟಗೆ ಕೂರ್ತೀವಿ, ಅಲ್ವಾ? ನಾನೂ ಅಷ್ಟೇ. ಅದರಲ್ಲೂ ದರೋಡೆ ಕಥೆ ಅಂದ್ರೆ ಉಂಡ ಕೈ ಒಣಗಿದ್ರೂ ಏಳಲ್ಲ. ಕೊಲೆ ಕಥೆ ನೋಡೋಕೆ ಸಂಕಟ ಆಗುತ್ತೆ. ದರೋಡೆ ಹಾಗಲ್ಲ, ಅದರಲ್ಲಿ ನಕ್ಷೆ ಇದೆ, ಲೆಕ್ಕ ಇದೆ, ಎರಡು ನಿಮಿಷ ಹೆಚ್ಚುಕಮ್ಮಿ ಆದ್ರೆ ಎಲ್ಲಾ ಕೆಡೋ ಟೈಮಿಂಗ್ ಇದೆ. ಇಂಜಿನಿಯರ್‌ಗಳಿಗೆ ಹೇಳಿ ಮಾಡಿಸಿದ ಮಾಲು :-)

ಹಾಗಾಗಿ "ಟೀವಿ ನೋಡಿ ಜನ ಕೆಟ್ರು" ಅನ್ನೋ ಭಾಷಣ ಮಾಡೋಕೆ ನಾನು ಇಲ್ಲಿ ಕೂತಿಲ್ಲ. ನನ್ನ ತಕರಾರು ಬೇರೆ. ಈ ಕಥೆಗಳು ಎಲ್ಲಿ ಮುಗೀತಾವೋ ಆ ಜಾಗ ತಪ್ಪು ಅಂತ ನನಗೆ ಇತ್ತೀಚೆಗೆ ಬಲವಾಗಿ ಅನ್ನಿಸ್ತಿದೆ.

ನಮ್ಮ ಅಣ್ಣಂದಿರ ಕಾಲಕ್ಕೆ ಈಟಿವಿ ಕನ್ನಡದಲ್ಲಿ ರವಿ ಬೆಳಗೆರೆಯವರ 'ಕ್ರೈಂ ಡೈರಿ', ಉದಯದಲ್ಲಿ 'ಕ್ರೈಂ ಸ್ಟೋರಿ'. ನನಗೆ ಬುದ್ಧಿ ಬರೋ ಹೊತ್ತಿಗೆ ಟಿವಿ9ನಲ್ಲಿ 'ವಾರೆಂಟ್'. ಕುದೇರಿನ ನಮ್ಮ ಮನೇಲಿ ಕರೆಂಟ್ ಇದ್ದ ರಾತ್ರಿ ಇವೇ. ಹಿಂದಿ ಅರ್ಥವಾಗದಿದ್ರೂ ಸೋನಿಯ 'ಕ್ರೈಂ ಪೆಟ್ರೋಲ್' ನೋಡ್ತಿದ್ವಿ, ಕಳ್ಳತನಕ್ಕೆ ಭಾಷೆ ಯಾಕೆ ಬೇಕು! ಎಲ್ಲದರದ್ದೂ ಒಂದೇ ಅಚ್ಚು. ಮೊದಲು ನಿರೂಪಕನ ದಪ್ಪ ದನಿ, ಆಮೇಲೆ ಪಾತ್ರಧಾರಿಗಳು ಸಂಚು ಹೂಡೋದು, ಬೀಗ ಒಡೆಯೋದು, ಪೊಲೀಸ್ ಸಾಹೇಬರಿಗೆ ಒಂದು ಸುಳಿವು, ಬೇಡಿ, ಮುಖಕ್ಕೆ ಬಟ್ಟೆ ಸುತ್ತಿದ ಆರೋಪಿಗಳು ಸಾಲಾಗಿ ನಿಂತ ಫೋಟೋ. ಶುಭರಾತ್ರಿ.

ಈಗ ಅದೇ ಅಚ್ಚು ಮೊಬೈಲಿಗೆ ಬಂದಿದೆ, ಬಣ್ಣ ಚೆನ್ನಾಗಿದೆ, ಅಷ್ಟೇ.

ಇದನ್ನೆಲ್ಲ ಯೋಚಿಸೋ ಹಾಗೆ ಮಾಡಿದ್ದು ನ್ಯಾಮತಿ. ದಾವಣಗೆರೆ ಜಿಲ್ಲೆಯ ಆ ಊರಿನ ಸ್ಟೇಟ್ ಬ್ಯಾಂಕ್ ಶಾಖೆಗೆ 2024ರ ಅಕ್ಟೋಬರ್ ಕೊನೆಯಲ್ಲಿ ಕನ್ನ ಬಿತ್ತು. ಕಿಟಕಿಯ ಕಬ್ಬಿಣ ಕತ್ತರಿಸಿ ಒಳಗೆ ಹೋಗಿ, ಗ್ಯಾಸ್ ಕಟ್ಟರ್‌ನಿಂದ ಲಾಕರ್ ಕೊರೆದು, 17 ಕೆಜಿ 700 ಗ್ರಾಂ ಬಂಗಾರ ಹೊತ್ತೊಯ್ದಿದ್ರು. ಹೋಗೋವಾಗ ಮೆಣಸಿನ ಪುಡಿ ಎರಚಿ, ಸಿಸಿಟಿವಿ ದೃಶ್ಯ ದಾಖಲಾಗೋ ಡಿವಿಆರ್ ಪೆಟ್ಟಿಗೇನೂ ಎತ್ಕೊಂಡು ಹೋದ್ರು. ಐದು ತಿಂಗಳು ಸುಳಿವಿಲ್ಲ. 2025ರ ಮಾರ್ಚ್ ಕೊನೆಗೆ ಪೊಲೀಸರು ಆರು ಜನರನ್ನ ಹಿಡಿದ ಸುದ್ದಿ ಬಂತು. ಮುಖ್ಯ ಆರೋಪಿ ನ್ಯಾಮತಿಯಲ್ಲೇ ಸಿಹಿತಿಂಡಿ ಅಂಗಡಿ ಇಟ್ಟಿದ್ದವನು. 15 ಲಕ್ಷ ಸಾಲ ಕೇಳಿದ್ದನಂತೆ, ಬ್ಯಾಂಕ್ ಕೊಡಲಿಲ್ಲವಂತೆ, 'ಮನಿ ಹೈಸ್ಟ್' ಸೀರಿಯಲ್ಲು ಮತ್ತೆ ಯೂಟ್ಯೂಬ್ ನೋಡಿ ಕಲಿತನಂತೆ. ಇದು ಪೊಲೀಸರ ಹೇಳಿಕೆ. ಬಂಗಾರ ಸಿಕ್ಕಿದ್ದು ತಮಿಳುನಾಡಿನ ಮದುರೈ ಜಿಲ್ಲೆಯ ಒಂದು ಬಾವಿಯಲ್ಲಿ.

ಬಾವಿಯಲ್ಲಿ ಬಂಗಾರ! ಯಾವ ಸ್ಕ್ರಿಪ್ಟ್ ರೈಟರ್ ಬರೆದಿದ್ರೂ "ಸ್ವಲ್ಪ ಜಾಸ್ತಿ ಆಯ್ತು ಸಾರ್" ಅಂತ ಹೇಳ್ತಿದ್ವಿ.

ನಾನಾಗ ರಜಕ್ಕೆ ಊರಲ್ಲಿದ್ದೆ. ನ್ಯೂಸ್ ಚಾನೆಲ್ಲುಗಳು ಅನಿಮೇಶನ್ ಹಾಕಿ ತೋರಿಸ್ತಿದ್ದದ್ದನ್ನ ಬಾಯಿ ಬಿಟ್ಕೊಂಡು ನೋಡ್ತಾ, ಅಡಿಗೆ ಮನೆಯಿಂದ ಬಂದ ಅವ್ವನಿಗೆ ಪೂರಾ ಪ್ಲಾನು ವಿವರಿಸಿದೆ. ಗ್ಯಾಸ್ ಕಟ್ಟರ್, ಡಿವಿಆರ್, ಬಾವಿ, ಎಲ್ಲಾ. ಅವ್ವ ಸೆರಗಲ್ಲಿ ಕೈ ಒರೆಸ್ಕೊಂಡು ಕೇಳಿದ್ದು ಒಂದೇ ಮಾತು. "ಕಳ್ಳ ಸಿಕ್ದ ಬುಡು... ಆ ಹೆಂಗುಸ್ರ ವಡವ ವಾಪಸ್ ಕೊಟ್ರಾ?"

ನನಗೆ ಉತ್ತರ ಗೊತ್ತಿರಲಿಲ್ಲ. ಟೀವಿಯವರೂ ಹೇಳಲಿಲ್ಲ. ಅವರಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ.

ಅವ್ವ ಯಾಕೆ ಕೇಳಿದ್ಲು ಅನ್ನೋದು ಹಳ್ಳಿಯಿಂದ ಬಂದವರಿಗೆ ಹೇಳಬೇಕಾಗಿಲ್ಲ. ಪೇಟೆಯವರಿಗೆ ಹೇಳ್ತೀನಿ. ಬ್ಯಾಂಕಲ್ಲಿರೋ ಬಂಗಾರ ಅಂದ ತಕ್ಷಣ ಸೀರಿಯಲ್ಲಿನವರ ಕಣ್ಣಿಗೆ ಬರೋದು ಚಿನ್ನದ ಗಟ್ಟಿ, ಇಟ್ಟಿಗೆ ಥರ ಜೋಡಿಸಿಟ್ಟದ್ದು, ಯಾರದ್ದೂ ಅಲ್ಲದ್ದು. ನಮ್ಮ ಕಡೆ ಶಾಖೆಗಳ ತಿಜೋರಿಯಲ್ಲಿ ಇರೋದು ಓಲೆ, ಜುಮುಕಿ, ಎರಡೆಳೆ ಸರ, ಮಗಳ ಮದುವೆಗೆ ಅಂತ ಮಾಡಿಸಿಟ್ಟ ಬಳೆ. ಒಂದೊಂದೂ ಸಣ್ಣ ಚೀಲದಲ್ಲಿ, ಹೆಸರು ನಂಬರಿನ ಚೀಟಿ ಜೊತೆ. ಅರಿಶಿನ ಬಿತ್ತನೆಗೆ ದುಡ್ಡು ಬೇಕು, ಒಡವೆ ಅಡ ಇಡು. ಅರಿಶಿನ ಕಿತ್ತು ಬೇಯಿಸಿ ಮಾರಿದ ಮೇಲೆ ಬಿಡಿಸ್ಕೊ. ಅರಿಶಿನದ ರೇಟ್ ಬಿದ್ದರೆ ಬಡ್ಡಿ ಮಾತ್ರ ಕಟ್ಟಿ ರಿನಿವಲ್ ಮಾಡ್ಸು. ಬೋರ್ ಕೊರೆಸೋಕೆ, ಆಸ್ಪತ್ರೆಗೆ, ಹುಡುಗನ ಫೀಸಿಗೆ ಮತ್ತೆ ಅದೇ ಒಡವೆ. ನನ್ನ ಇಂಜಿನಿಯರಿಂಗ್‌ನ ನಾಲ್ಕು ವರ್ಷದಲ್ಲಿ ಅವ್ವನ ಸರ ಅವ್ವನ ಕುತ್ತಿಗೆಯಲ್ಲಿ ಇದ್ದದ್ದಕ್ಕಿಂತ ಬ್ಯಾಂಕಲ್ಲಿ ಇದ್ದದ್ದೇ ಹೆಚ್ಚು. ಮದುವೆ ಮನೆಗೆ ಹೋಗೋವಾಗ ಚಿಕ್ಕವ್ವನ ಸರ ಕೇಳಿ ಹಾಕ್ಕೊಂಡು ಹೋಗ್ತಿದ್ದಳು. ನಮ್ಮ ಬೀದಿಯಲ್ಲಿ ಇದೇನೂ ವಿಶೇಷ ಅಲ್ಲ, ಎಲ್ಲರ ಮನೆ ಕಥೆ.

ಹಾಗಾಗಿ ಹದಿನೇಳು ಕೆಜಿ ಅಂದಾಗ ನನಗೆ ಒಂದು ಸಂಖ್ಯೆ ಕಾಣಿಸಿತು, ಅವ್ವನಿಗೆ ನೂರಾರು ಚೀಲ ಕಾಣಿಸಿತು.

ಬಾವಿಯಿಂದ ಎತ್ತಿದ ಒಡವೆ ಆ ನೂರಾರು ಮನೆಗಳಿಗೆ ಹೇಗೆ ವಾಪಸ್ ಹೋಗುತ್ತೆ? ಆಮೇಲೆ ಕೂತು ಹುಡುಕಿ ಓದಿದೆ. ಪೊಲೀಸರು ವಶಪಡಿಸಿಕೊಂಡ ಮಾಲು ಸಾಕ್ಷಿ ಆಗಿಬಿಡುತ್ತೆ, ಕೋರ್ಟಿನ ಕೈಗೆ ಹೋಗುತ್ತೆ. ಹಿಂದೆಲ್ಲ ಕೇಸು ಮುಗಿಯೋವರೆಗೂ ಠಾಣೆಯಲ್ಲೇ ಮಾಲು ಕೊಳೀತಿತ್ತು. ಠಾಣೆ ಮುಂದೆ ತುಕ್ಕು ಹಿಡಿದು ನಿಂತಿರೋ ಬೈಕುಗಳ ರಾಶಿ ನೋಡಿದ್ದೀರಲ್ಲ, ಅದೇ ಕಥೆ. 2002ರಲ್ಲಿ ಸುಪ್ರೀಂ ಕೋರ್ಟು ಸುಂದರ್‌ಭಾಯ್ ಅಂಬಾಲಾಲ್ ದೇಸಾಯಿ ಅನ್ನೋ ಪ್ರಕರಣದಲ್ಲಿ ಇದಕ್ಕೊಂದು ದಾರಿ ಹೇಳ್ತು. ಬೆಲೆಬಾಳೋ ವಸ್ತುಗಳಿಗೆ ಪಂಚನಾಮೆ ಮಾಡಿ, ಫೋಟೋ ತೆಗೆದು, ಬಾಂಡ್ ಬರೆಸ್ಕೊಂಡು ಕಳ್ಕೊಂಡವರಿಗೆ ಕೊಟ್ಟುಬಿಡಿ, ಹದಿನೈದು ದಿನದಿಂದ ಒಂದು ತಿಂಗಳಿಗಿಂತ ಹೆಚ್ಚು ಠಾಣೆಯಲ್ಲಿ ಇಟ್ಕೋಬೇಡಿ ಅಂತ. 2024ರ ಜುಲೈ 1ರಿಂದ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 497ನೇ ಕಲಂ ಇನ್ನೂ ಸ್ಪಷ್ಟ. ಮಾಲು ಕೋರ್ಟಿಗೆ ಬಂದ 14 ದಿನದಲ್ಲಿ ಅದರ ಪಟ್ಟಿ ಆಗಬೇಕು, ಫೋಟೋ ತೆಗೀಬೇಕು, ಅಲ್ಲಿಂದ 30 ದಿನದೊಳಗೆ ಯಾರಿಗೆ ಕೊಡೋದು ಅಂತ ಆದೇಶ ಆಗಬೇಕು.

ಕಾಗದದ ಮೇಲೆ ಇಷ್ಟು ಚೆನ್ನಾಗಿದೆ. ಇದರ ಹಿಂದೆ ಬೀಳೋರು ಯಾರು, ಎಷ್ಟು ಸಲ ತಾಲ್ಲೂಕಿಗೆ ಅಲೀಬೇಕು, ಒಂದೇ ಥರದ ಹತ್ತು ಜುಮುಕಿಯಲ್ಲಿ ತನ್ನದು ಯಾವುದು ಅಂತ ಒಬ್ಬ ಹೆಂಗಸು ಹೇಗೆ ತೋರಿಸ್ತಾಳೆ, ಕರಗಿಸಿಬಿಟ್ಟಿದ್ರೆ ಏನು ಗತಿ, ಬ್ಯಾಂಕು ಕೊಡೋ ಪರಿಹಾರದಲ್ಲಿ ಅಂದಿನ ರೇಟೋ ಇಂದಿನ ರೇಟೋ, ಮಜೂರಿ ಸೇರುತ್ತೋ ಇಲ್ವೋ... ಹೇಳಿ, ಇದರಲ್ಲಿ ಸಸ್ಪೆನ್ಸ್ ಕಮ್ಮಿ ಇದೆಯಾ? ನನಗಂತೂ ಗ್ಯಾಸ್ ಕಟ್ಟರ್‌ಗಿಂತ ಇದೇ ರೋಚಕ ಅನ್ನಿಸುತ್ತೆ. ಎರಡು ಎಪಿಸೋಡಿಗೆ ಆಗೋವಷ್ಟು ಸರಕು ಇದೆ ಇಲ್ಲಿ.

ನಮ್ಮ ಕೆಲಸದ ಲೋಕದಿಂದ ಒಂದು ಉದಾಹರಣೆ ಕೊಡ್ತೀನಿ, ಬೇಜಾರಾದ್ರೆ ಹಾರಿಸಿ ಓದಿ. ಆಫೀಸಲ್ಲಿ ಸರ್ವರ್ ಬಿದ್ದರೆ ಎಲ್ಲಾ ಸರಿಹೋದ ಮೇಲೆ 'ಪೋಸ್ಟ್‌ಮಾರ್ಟಂ' ಅಂತ ಒಂದು ದಾಖಲೆ ಬರೀತೀವಿ. ಅದರಲ್ಲಿ ಮೂರು ಭಾಗ ಇರಲೇಬೇಕು. ಏನಾಯ್ತು, ಯಾರಿಗೆ ಎಷ್ಟು ಹೊತ್ತು ತೊಂದರೆ ಆಯ್ತು, ಮತ್ತೆ ಆಗದ ಹಾಗೆ ಏನು ಮಾಡಿದ್ವಿ. ಮೊದಲನೇ ಭಾಗ ಮಾತ್ರ ಬರೆದು ಕಳಿಸಿದ್ರೆ ಮ್ಯಾನೇಜರ್ ವಾಪಸ್ ಎಸೀತಾರೆ. ದರೋಡೆ ಸೀರಿಯಲ್ಲು ಅಂದ್ರೆ ಮೊದಲನೇ ಭಾಗ ಮಾತ್ರ ಇರೋ ಪೋಸ್ಟ್‌ಮಾರ್ಟಂ. ಅದೂ ಕಳ್ಳನ ಟೈಮ್‌ಲೈನ್ ಪ್ರಕಾರ! ಡಿವಿಆರ್ ಹೊತ್ತೊಯ್ದದ್ದನ್ನ ಎಲ್ಲರೂ ಜಾಣತನ ಅಂತ ತೋರಿಸಿದ್ರು. ಕ್ಯಾಮೆರಾ ಇರೋ ಕಟ್ಟಡದಲ್ಲೇ ರೆಕಾರ್ಡಿಂಗ್ ಪೆಟ್ಟಿಗೆ ಇಟ್ಟು, ಇನ್ನೊಂದು ಪ್ರತಿ ಹೊರಗೆಲ್ಲೂ ಇಡದೇ ಹೋದ್ರೆ, ಸರ್ವರ್ ಸುಟ್ಟು ಹೋದಾಗ ಯಾಕೆ ಸುಟ್ಟಿತು ಅನ್ನೋ ಲಾಗ್ ಫೈಲೂ ಅದರ ಜೊತೆಗೇ ಬೂದಿ. ಇದು ಮೊದಲ ವರ್ಷದ ಫ್ರೆಶರ್‌ಗೂ ಗೊತ್ತಿರೋ ವಿಷಯ. ಅದನ್ನ ಕೇಳಬೇಕಾಗಿತ್ತು.

"ಸೀರಿಯಲ್ ನೋಡಿ ಕಲಿತ" ಅನ್ನೋ ಮಾತಿಗೂ ಅದಕ್ಕೇ ನಾನು ಅಷ್ಟು ಬೆಲೆ ಕೊಡಲ್ಲ. 'ಮನಿ ಹೈಸ್ಟ್' ನಾನೂ ನೋಡಿದ್ದೀನಿ, ನೀವೂ ನೋಡಿದ್ದೀರಿ, ಇಬ್ಬರ ಹತ್ತಿರವೂ ಗ್ಯಾಸ್ ಕಟ್ಟರ್ ಇಲ್ಲ. ಅಷ್ಟಕ್ಕೂ ಅದು ಕಟ್ಟುಕಥೆ. 2025ರ ಮೇ ತಿಂಗಳಲ್ಲಿ ವಿಜಯಪುರ ಜಿಲ್ಲೆ ಮನಗೂಳಿಯ ಕೆನರಾ ಬ್ಯಾಂಕ್ ಶಾಖೆಯಿಂದ ಹತ್ತಿರ ಹತ್ತಿರ 59 ಕೆಜಿ ಬಂಗಾರ ಹೋಯ್ತಲ್ಲ, ಅಲ್ಲಿ ದಾರಿ ತಪ್ಪಿಸೋಕೆ ಮಾಟದ ಗೊಂಬೆ ಇಟ್ಟು ಹೋಗಿದ್ರು. ಪೊಲೀಸರು ಹಿಡಿದವರಲ್ಲಿ ಅದೇ ಶಾಖೆಯಲ್ಲಿ ಹಿಂದೆ ಮ್ಯಾನೇಜರ್ ಆಗಿದ್ದವರೇ ಇದ್ರು. ಅದೇ ವರ್ಷ ನವೆಂಬರ್ 19ರಂದು ಬೆಂಗಳೂರಲ್ಲಿ ರಿಸರ್ವ್ ಬ್ಯಾಂಕಿನವರು ಅಂತ ಹೇಳ್ಕೊಂಡು ಎಟಿಎಂ ಹಣದ ವ್ಯಾನ್ ತಡೆದು 7 ಕೋಟಿ 11 ಲಕ್ಷ ದೋಚಿದ ಕೇಸಲ್ಲಿ ಸಿಕ್ಕಿಬಿದ್ದವರಲ್ಲಿ ಒಬ್ಬ ಪೊಲೀಸ್ ಕಾನ್‌ಸ್ಟೇಬಲ್! ಒಳಗಿನ ದಾರಿ ಗೊತ್ತಿರೋರಿಗೆ ಸೀರಿಯಲ್ಲಿನ ಪಾಠ ಯಾಕೆ ಬೇಕು?

ಕಳ್ಳರ ಕಥೆಯ ಮೇಲಿನ ಈ ಮೋಹ ನಮ್ಮೊಬ್ಬರದ್ದೇ ಅಲ್ಲ, ಇದರ ತವರುಮನೆ ಇಂಗ್ಲೆಂಡ್ ಅನ್ನಬಹುದು. 1963ರ ಆಗಸ್ಟ್ 8ರ ಬೆಳಗಿನ ಜಾವ ಗ್ಲಾಸ್ಗೋದಿಂದ ಲಂಡನ್ನಿಗೆ ಬರ್ತಿದ್ದ ಅಂಚೆ ರೈಲನ್ನ ಸುಳ್ಳು ಸಿಗ್ನಲ್ ತೋರಿಸಿ ನಿಲ್ಲಿಸಿ 26 ಲಕ್ಷ ಪೌಂಡ್ ದೋಚಿದ್ರು. 'ದಿ ಗ್ರೇಟ್ ಟ್ರೇನ್ ರಾಬರಿ'. ಹೆಸರಲ್ಲೇ ಗ್ರೇಟು! ಗುಂಪಿನಲ್ಲಿದ್ದ ರಾನಿ ಬಿಗ್ಸ್ 1965ರಲ್ಲಿ ಜೈಲಿನ ಗೋಡೆ ಹಾರಿ, ಕಡೆಗೆ ಬ್ರೆಜಿಲ್ ಸೇರಿ, ಅಲ್ಲೇ ಸೆಲೆಬ್ರಿಟಿ ಆದ, ಒಂದು ಪಂಕ್ ಬ್ಯಾಂಡಿನ ಜೊತೆ ಹಾಡೂ ಹಾಡಿದ. ಆ ರಾತ್ರಿ ರೈಲು ಓಡಿಸ್ತಿದ್ದ ಜ್ಯಾಕ್ ಮಿಲ್ಸ್ ತಲೆಗೆ ಬಿದ್ದ ಏಟಿನಿಂದ ಪೂರ್ತಿ ಚೇತರಿಸಿಕೊಳ್ಳಲೇ ಇಲ್ಲ. 1970ರಲ್ಲಿ ಬೇರೆ ಕಾಯಿಲೆಯಿಂದ ತೀರ್ಕೊಂಡರು. ಐವತ್ತು ವರ್ಷ ಆದಾಗ, 2013ರಲ್ಲಿ, ಬಿಬಿಸಿಯವರು ಇದನ್ನ ಎರಡು ಭಾಗದ ನಾಟಕ ಮಾಡಿದ್ರು. ಮೊದಲ ಭಾಗದ ಹೆಸರು 'ದರೋಡೆಕೋರನ ಕಥೆ', ಎರಡನೇದು 'ಪೊಲೀಸಿನವನ ಕಥೆ'. ಚೆನ್ನಾಗಿಯೇ ಇದೆ, ಸಿಕ್ಕರೆ ನೋಡಿ. ಮೂರನೇ ಭಾಗ ಇಲ್ಲ. 'ಡ್ರೈವರನ ಕಥೆ' ಅಂತ ಯಾರಿಗೂ ಹೊಳೀಲಿಲ್ಲ.

(ಮೊದಲ ಭಾಗ ಪ್ರಸಾರವಾದ 2013ರ ಡಿಸೆಂಬರ್ 18ರಂದೇ ಬಿಗ್ಸ್ ತೀರಿಕೊಂಡ. ಸಾಯೋದ್ರಲ್ಲೂ ಪಬ್ಲಿಸಿಟಿ.)

ಮೂರನೇ ಭಾಗ ಇಲ್ಲದ್ದು ನಮ್ಮಲ್ಲೂ ಇದೆ. 2025ರ ಜನವರಿ 16ರಂದು ಬೀದರಿನಲ್ಲಿ ಹಾಡಹಗಲೇ ಎಟಿಎಂಗೆ ತುಂಬೋ ಹಣಕ್ಕಾಗಿ ಗುಂಡು ಹಾರಿಸಿದ್ರು. ಹಣ ಸಾಗಿಸೋ ಏಜೆನ್ಸಿಯ ಒಬ್ಬ ಕೆಲಸಗಾರ ಸತ್ತ, ಇನ್ನೊಬ್ಬನಿಗೆ ಗಂಭೀರ ಗಾಯ. ಬೈಕಲ್ಲಿ ಪೆಟ್ಟಿಗೆ ಹೇರ್ಕೊಂಡು ಹೋಗೋ ವಿಡಿಯೋ ಎಲ್ಲರ ಮೊಬೈಲಿಗೂ ಬಂತು. ಕೋಟಿಗಟ್ಟಲೆ ದುಡ್ಡು ಹೊರೋ ಆ ಹುಡುಗರ ತಿಂಗಳ ಸಂಬಳ ಎಷ್ಟು, ಸತ್ತವನ ಮನೆಗೆ ಏನು ಸಿಕ್ಕಿತು ಅನ್ನೋದು ಯಾವ ಮೊಬೈಲಿಗೂ ಬರಲಿಲ್ಲ. 2013ರ ನವೆಂಬರ್ 19ರ ಬೆಂಗಳೂರಿನ ಎಟಿಎಂ ಹಲ್ಲೆ ನೆನಪಿದೆಯಲ್ಲ? ಶಟರ್ ಎಳೆದು, ಚೀಲದಿಂದ ಮಚ್ಚು ತೆಗೆಯೋ ಆ ದೃಶ್ಯ. ನಾನಾಗ ಪಿಯುಸಿ. ಎಷ್ಟು ಸಲ ತೋರಿಸಿದ್ರು ಅಂದ್ರೆ ಈಗಲೂ ಎಟಿಎಂ ಒಳಗೆ ಹೋದ್ರೆ ಒಮ್ಮೆ ಹಿಂದೆ ತಿರುಗಿ ನೋಡ್ತೀನಿ. ಆರೋಪಿ ಸಿಕ್ಕಿದ್ದು 2017ರಲ್ಲಿ, ಆಂಧ್ರದ ಮದನಪಲ್ಲಿಯಲ್ಲಿ. ಮೂರು ವರ್ಷ ಆ ದೃಶ್ಯ ಓಡ್ತಾನೇ ಇತ್ತು. ಅದರಲ್ಲಿರೋ ಹೆಣ್ಣುಮಗಳು ಬದುಕಿದ್ದಾರೆ, ಅವರ ಮನೇಲೂ ಟೀವಿ ಇದೆ ಅನ್ನೋದು ಯಾರಿಗೂ ತಲೆಗೆ ಹೋಗಲಿಲ್ಲವಾ?

ಕಳ್ಕೊಂಡವರ ಕಡೆಯಿಂದ ಹೇಳೋಕೆ ಆಗಲ್ಲ, ಬೋರ್ ಹೊಡೆಯುತ್ತೆ ಅನ್ನೋದು ನೆಪ. ಲಂಡನ್ನಿನ ಹ್ಯಾಟನ್ ಗಾರ್ಡನ್ನಿನಲ್ಲಿ 2015ರ ಈಸ್ಟರ್ ರಜದಲ್ಲಿ ಮುದುಕರ ಗುಂಪೊಂದು ಲಾಕರ್ ಕೋಣೆಗೆ ಕನ್ನ ಕೊರೆದಾಗ ಇಡೀ ದೇಶ "ತಾತಂದಿರ ತಾಕತ್ತು" ಅಂತ ನಕ್ಕಿತ್ತು. 2019ರಲ್ಲಿ ಐಟಿವಿಯವರು ಮಾಡಿದ ಸೀರಿಯಲ್ಲು ಆ ಲಾಕರುಗಳಲ್ಲಿ ಸರಕಿಟ್ಟು ಕಳ್ಕೊಂಡ ಸಣ್ಣ ವ್ಯಾಪಾರಿಗಳನ್ನೂ ತೋರಿಸ್ತು. ತಾತಂದಿರು ಅಷ್ಟು ಮುದ್ದಾಗಿ ಕಾಣಲಿಲ್ಲ ಆಮೇಲೆ.

ಇನ್ನೊಂದು ವಿಷಯ, ಊರ ಹೆಸರಿನದ್ದು. ಹೊಸಕೋಟೆ ಹತ್ತಿರ ದಂಡುಪಾಳ್ಯ ಅಂತ ಊರಿದೆ. ಅಲ್ಲಿಂದ ಬಂದ ಒಂದು ಗುಂಪು ಮನೆಗಳಿಗೆ ನುಗ್ಗಿ ದರೋಡೆ, ಕೊಲೆ ಮಾಡ್ತು. 2012ರಲ್ಲಿ ಊರ ಹೆಸರಲ್ಲೇ ಸಿನಿಮಾ ಬಂತು, ಆಮೇಲೆ ಎರಡನೇ, ಮೂರನೇ ಭಾಗಗಳೂ ಬಂದವು. ಈಗ ಆ ಊರಿನ ಹುಡುಗನೊಬ್ಬ ಇಂಟರ್‌ವ್ಯೂನಲ್ಲಿ "ಸ್ವಂತ ಊರು?" ಅಂತ ಕೇಳಿದ್ರೆ ಏನು ಹೇಳ್ತಾನೆ ಯೋಚಿಸಿ. ನನಗೆ ಅದರ ಚೂರು ರುಚಿ ಗೊತ್ತು. ಬೆಂಗಳೂರಲ್ಲಿ "ಚಾಮರಾಜನಗರ" ಅಂದ ಕೂಡಲೇ "ಓ, ವೀರಪ್ಪನ್ ಕಡೆಯೋರು!" ಅಂತ ನಗ್ತಾರೆ. ಅವನ ಗೋಪಿನಾಥಂ ನಮ್ಮ ಜಿಲ್ಲೆಯದ್ದೇ ಹೌದು, ಕುದೇರಿನಿಂದ ನೂರು ಕಿಲೋಮೀಟರಿಗೂ ದೂರ. ನಮ್ಮೂರಲ್ಲಿರೋದು ಅರಿಶಿನ, ಬಾಳೆ, ಚಾಮುಲ್ ಹಾಲಿನ ಡೈರಿ. ಅವನ ಮೇಲೆ 2007ರಲ್ಲಿ ತಮಿಳು ಸೀರಿಯಲ್ಲು, 2013ರಲ್ಲಿ 'ಅಟ್ಟಹಾಸ', 2016ರಲ್ಲಿ 'ಕಿಲ್ಲಿಂಗ್ ವೀರಪ್ಪನ್', 2023ರಲ್ಲಿ ನೆಟ್‌ಫ್ಲಿಕ್ಸಿನ ಸಾಕ್ಷ್ಯಚಿತ್ರ. 1992ರಲ್ಲಿ ಅವನ ಗುಂಪು ರಾಮಾಪುರ ಠಾಣೆಗೇ ನುಗ್ಗಿ ಬಂದೂಕು ದೋಚಿದಾಗ ಐವರು ಪೊಲೀಸರು ಸತ್ತರು. ಮೀಸೆ ಎಲ್ಲರಿಗೂ ಗೊತ್ತು, ಆ ಐವರಲ್ಲಿ ಒಬ್ಬರ ಹೆಸರನ್ನಾದ್ರೂ ಹೇಳೋರು ನಮ್ಮ ಜಿಲ್ಲೆಯಲ್ಲೇ ಕಡಿಮೆ. ನಾಳೆ ನ್ಯಾಮತಿ, ಮನಗೂಳಿ ಅಂತ ವೆಬ್ ಸೀರೀಸ್ ಬಂದ್ರೆ ನನಗೇನೂ ಆಶ್ಚರ್ಯ ಇಲ್ಲ. ಬಾವಿ ಸೀನಿಗೆ ಡ್ರೋನ್ ಶಾಟ್ ಗ್ಯಾರಂಟಿ.

ಮಾಡೋರು ಮಾಡಲಿ, ನಾನೂ ನೋಡ್ತೀನಿ. ಕೇಳೋದಿಷ್ಟೇ, ಬೇಡಿ ಹಾಕಿದ ಮೇಲೆ ಇನ್ನೊಂದು ಇಪ್ಪತ್ತು ನಿಮಿಷ ಕ್ಯಾಮೆರಾ ಓಡಿಸಿ. ಸೋಮವಾರ ಬೆಳಿಗ್ಗೆ ಬ್ಯಾಂಕ್ ಮುಂದೆ ಚೀಟಿ ಹಿಡ್ಕೊಂಡು ನಿಂತವರ ಸಾಲಿಂದ ಶುರು ಮಾಡಿದ್ರೆ ಇನ್ನೂ ಒಳ್ಳೇದು. ನೋಡೋರಿಗೆ ಉಪಯೋಗಕ್ಕೆ ಬರೋ ನಾಲ್ಕು ಮಾತಾದ್ರೂ ಕಥೆಯ ಜೊತೆ ಗೊತ್ತಾಗುತ್ತೆ. ಉದಾಹರಣೆಗೆ, ಬಾಡಿಗೆ ಲಾಕರ್‌ನಲ್ಲಿಟ್ಟ ಒಡವೆ ಬೇರೆ, ಅಡ ಇಟ್ಟ ಒಡವೆ ಬೇರೆ. ಲಾಕರ್ ಒಳಗೆ ಏನಿದೆ ಅಂತ ಬ್ಯಾಂಕಿಗೆ ಗೊತ್ತಿಲ್ಲ. 2022ರ ಜನವರಿಯಿಂದ ಜಾರಿಗೆ ಬಂದ ನಿಯಮದಂತೆ ಕಳ್ಳತನ, ದರೋಡೆ ಆದ್ರೆ ಬ್ಯಾಂಕಿನ ಹೊಣೆ ವರ್ಷದ ಬಾಡಿಗೆಯ ನೂರು ಪಟ್ಟು. ಬಾಡಿಗೆ ಎರಡು ಸಾವಿರ ಇದ್ರೆ ಎರಡು ಲಕ್ಷ, ಒಳಗೆ ಹತ್ತು ಲಕ್ಷದ್ದು ಇಟ್ಟಿದ್ರೂ ಅಷ್ಟೇ. ಅಡ ಇಟ್ಟದ್ದನ್ನ ಬ್ಯಾಂಕೇ ತೂಗಿ, ಪರೀಕ್ಷೆ ಮಾಡಿ ಇಟ್ಕೊಂಡಿರುತ್ತೆ, ಅದರ ಲೆಕ್ಕ ಅವರೇ ಕೊಡಬೇಕು. 2025ರ ಜೂನ್‌ನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಬಂಗಾರದ ಸಾಲದ ನಿಯಮದಲ್ಲಿ ಇನ್ನೂ ಬಿಡಿಸಿ ಹೇಳಿದ್ದಾರೆ. ಸಾಲಗಾರರ ಎದುರಿಗೇ ಪರೀಕ್ಷೆ ಆಗಬೇಕು, ಒಟ್ಟು ತೂಕ, ನಿವ್ವಳ ತೂಕ, ಶುದ್ಧತೆ, ಒಡವೆಯ ಚಿತ್ರ ಎಲ್ಲಾ ಇರೋ ಪತ್ರ ಕೊಡಬೇಕು, 2026ರ ಏಪ್ರಿಲ್ 1ರೊಳಗೆ ಎಲ್ಲರೂ ಇದನ್ನ ಪಾಲಿಸಬೇಕು ಅಂತ.

ಅವ್ವನಿಗೆ ಇದೆಲ್ಲ ಓದಿ ಹೇಳಿದಾಗ "ಚೀಟಿ ಕಬ್ಬಿಣದ ಪೆಟ್ಟಿಗೇಲಿ ಮಡಗಿವ್ನಿ ಕಣಪ್ಪ" ಅಂದ್ಲು. ತೆಗೆದು ನೋಡಿದ್ರೆ ಮಡಿಸಿದ ಕಡೆ ಹರಿದು, ತೂಕ ಬರೆದ ಸಾಲೇ ಅಳಿಸಿ ಹೋಗಿತ್ತು. ಮಾರನೇ ದಿನ ಇಬ್ಬರೂ ಶಾಖೆಗೆ ಹೋಗಿ ಹೊಸ ಪ್ರತಿ ಕೇಳಿ ತಂದ್ವಿ. ಮನೇಲಿ ಉಳಿದಿದ್ದ ಓಲೆ, ಬಳೆ, ಅಜ್ಜಿಯ ಮೂಗುಬೊಟ್ಟು ಎಲ್ಲಾ ಬಿಳಿ ಟವೆಲ್ ಮೇಲೆ ಇಟ್ಟು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಮುಂದೆ ಹಿಂದೆ ಫೋಟೋ ತೆಗೆದೆ. ಆ ಫೋಟೋಗಳ ಎರಡನೇ ಪ್ರತಿ ಇರೋದು ಕುದೇರಿನಲ್ಲಲ್ಲ :-)